ಹಳಿ ಇದೆ, ರೈಲು ಬಿಡಿ!

ಬೆಂಗಳೂರಿನ ಮತ್ತು ಸುತ್ತಲಿನ ಊರುಗಳ ಪ್ರಯಾಣಿಕ ಬಂಧುಗಳೇ,

ಬೆಳಗ್ಗೆ ಒಂಬತ್ತರ ಹೊತ್ತಿಗೆ ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಹಾಕಿಕೊಂಡವರು ಒಮ್ಮೆ ಕೆಳಗೆ ನೋಡಿ. ಅಲ್ಲೇ ರೈಲು ಹಳಿ ಹಾಯ್ದಿದೆ. ಒಂದು ಕಡೆಗೆ ನಾಗವಾರ, ಬಾಣಸವಾಡಿ, ಬೆನ್ನಿಗಾನಹಳ್ಳಿ. ಇನ್ನೊಂದು ಕಡೆಗೆ ಲೊಟ್ಟೆಗೊಲ್ಲಹಳ್ಳಿ, ಯಶವಂತಪುರ. ನಾವು ಬಸ್ಸಿನಲ್ಲಿ ಜೋತಾಡಿಕೊಂಡು ತಲುಪುವ ಬಡಾವಣೆಗಳ ಹಿತ್ತಲಲ್ಲೇ ಆ ಹಳಿ ಇದೆ. ಐದು ಹತ್ತು ನಿಮಿಷಕ್ಕೊಮ್ಮೆ ನಮಗಾಗಿ ಓಡುವ ರೈಲು ಮಾತ್ರ ಇಲ್ಲ.

ಈ ಊರಿಗೆ ರೈಲು ಹೊಸದಲ್ಲ. 1864ರಲ್ಲೇ ಜೋಲಾರಪೇಟೆ ಕಡೆಯಿಂದ ದಂಡು ಸ್ಟೇಷನ್ನಿಗೆ ಗಾಡಿ ಬಂದಿತ್ತು. ಇವತ್ತು ಮಾಲೂರಿನಿಂದ, ಮದ್ದೂರಿನಿಂದ, ತುಮಕೂರಿನಿಂದ, ದೊಡ್ಡಬಳ್ಳಾಪುರದಿಂದ ತಿಂಗಳ ಪಾಸ್ ಹಿಡಿದು ಬರುವವರನ್ನು ಕೇಳಿ ನೋಡಿ. ಗಾರ್ಮೆಂಟ್ಸ್‌ನ ಹೆಣ್ಣುಮಕ್ಕಳು, ಗಾರೆ ಕೆಲಸದವರು, ಕಾಲೇಜು ಹುಡುಗರು, ಆಸ್ಪತ್ರೆಯ ನರ್ಸ್‌ಗಳು. ಒಂದು ಗಾಡಿ ತಪ್ಪಿದರೆ ಅರ್ಧ ದಿನದ ಕೂಲಿ ಹೋದಂತೆ. ಹತ್ತಿ ಕೂತ ಮೇಲೂ ನೆಮ್ಮದಿಯಿಲ್ಲ. ಎಕ್ಸ್‌ಪ್ರೆಸ್ಸಿಗೆ, ಗೂಡ್ಸಿಗೆ ದಾರಿ ಬಿಟ್ಟು ನಮ್ಮ ಗಾಡಿ ಔಟರ್‌ನಲ್ಲಿ ನಿಲ್ಲುತ್ತದೆ. ಇದು ಡ್ರೈವರ್ ತಪ್ಪಲ್ಲ, ಸ್ಟೇಷನ್ ಮಾಸ್ಟರ್ ತಪ್ಪೂ ಅಲ್ಲ. ದೂರದ ರೈಲು, ಸರಕು, ನಮ್ಮ ಮೆಮು ಎಲ್ಲವೂ ಅದೇ ಹಳಿಯನ್ನು ಹಂಚಿಕೊಳ್ಳಬೇಕು. ಅದಕ್ಕೇ ಲೋಕಲ್ ರೈಲಿಗೆ ಪ್ರತ್ಯೇಕ ಹಳಿ ಬೇಕೆನ್ನುವುದು. ಮದ್ರಾಸಿನಲ್ಲಿ ಬೀಚ್‌ನಿಂದ ತಾಂಬರಂವರೆಗೆ 1931ರಲ್ಲೇ ವಿದ್ಯುತ್ ಲೋಕಲ್ ಓಡಿತು!

ನಮಗೂ ಮಾತು ಕೊಟ್ಟಿದ್ದಾರೆ. ಬೆಂಗಳೂರಿಗೆ ಉಪನಗರ ರೈಲು ಬೇಕೆಂಬ ಪ್ರಸ್ತಾವ ಕಡತ ಸೇರಿದ್ದು 1983ರಲ್ಲಿ. 2016ರ ಡಿಸೆಂಬರಿನಲ್ಲಿ ನಾಗರಿಕರು ‘ಚುಕುಬುಕು ಬೇಕು’ ಎಂದು ಸ್ಟೇಷನ್‌ಗಳಿಗೇ ಬಂದು ಕೂಗಿದರು. 2020ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ 15,767 ಕೋಟಿ ರೂಪಾಯಿಯ, 148 ಕಿಲೋಮೀಟರಿನ ಯೋಜನೆಗೆ ಒಪ್ಪಿತು. ನಾಲ್ಕು ಮಾರ್ಗಗಳಿಗೂ ಹೂವಿನ ಹೆಸರಿಟ್ಟರು: ದೇವನಹಳ್ಳಿಗೆ ಸಂಪಿಗೆ, ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಮಲ್ಲಿಗೆ, ಕೆಂಗೇರಿಯಿಂದ ವೈಟ್‌ಫೀಲ್ಡಿಗೆ ಪಾರಿಜಾತ, ಹೀಲಲಿಗೆಯಿಂದ ರಾಜಾನುಕುಂಟೆಗೆ ಕನಕ. 2022ರ ಜೂನ್ 20ರಂದು ಪ್ರಧಾನಿಯವರು ಶಂಕುಸ್ಥಾಪನೆ ಮಾಡಿ ನಲವತ್ತು ತಿಂಗಳಲ್ಲಿ ಮುಗಿಸುತ್ತೇವೆ ಎಂದರು. ಆ ನಲವತ್ತು ತಿಂಗಳು 2025ರ ಅಕ್ಟೋಬರಿಗೆ ಮುಗಿದವು.

ಒಂದು ಮಾರ್ಗದಲ್ಲೂ ರೈಲು ಓಡಲಿಲ್ಲ.

ಭೂಮಿ ಕೈಗೆ ಬರುವುದು ತಡವಾಯಿತು. ಯೋಜನೆ ನಡೆಸಬೇಕಾದ ಕೆ-ರೈಡ್‌ಗೆ ಬಹುಕಾಲ ಪೂರ್ಣಾವಧಿಯ ಮುಖ್ಯಸ್ಥರೇ ಇರಲಿಲ್ಲ. ಮಲ್ಲಿಗೆ ಮಾರ್ಗದ ಗುತ್ತಿಗೆದಾರ ಕಂಪನಿ 2025ರಲ್ಲಿ ಕೆಲಸದಿಂದ ಹಿಂದೆ ಸರಿಯಿತು. ಕೆ-ರೈಡ್ ರಾಜ್ಯ ಸರ್ಕಾರಕ್ಕೂ ರೈಲ್ವೆಗೂ ಸೇರಿದ ಕಂಪನಿ. ವಿಧಾನಸೌಧ ದೆಹಲಿಯನ್ನು ತೋರಿಸಿದರೆ, ದೆಹಲಿ ವಿಧಾನಸೌಧವನ್ನು ತೋರಿಸಿದರೆ ನಾವು ಕೇಳಿಸಿಕೊಂಡು ಸುಮ್ಮನಿರಬಾರದು. ಗಂಡ ಹೆಂಡಿರ ಜಗಳದಲ್ಲಿ ಬಡವಾಗುತ್ತಿರುವ ಕೂಸು ನಾವೇ.

ಮೆಟ್ರೋ ಬಂತಲ್ಲ ಅನ್ನುವವರಿದ್ದಾರೆ. ಬರಲಿ, ಇನ್ನಷ್ಟು ಬರಲಿ. ಆದರೆ ಮೆಟ್ರೋ ಮಾಲೂರಿಗೆ ಹೋಗುವುದಿಲ್ಲ. 2025ರ ಫೆಬ್ರವರಿಯ ದರ ಏರಿಕೆಯಲ್ಲಿ ಅದರ ಗರಿಷ್ಠ ಟಿಕೆಟ್ 90 ರೂಪಾಯಿ ಮುಟ್ಟಿತು, ಹೋಗಿಬರಲು 180. ದಿನಗೂಲಿಯವರು ಇದನ್ನು ಎಲ್ಲಿಂದ ತರಬೇಕು?

ಮಲ್ಲಿಗೆಯ 25 ಕಿಲೋಮೀಟರೂ ಮುಗಿಯಲೆಂದು ಕಾಯದೆ, ಸಿದ್ಧವಾದ ತುಂಡಿನಲ್ಲಿ ರೈಲು ಬಿಡಿ. ಉಳಿದ ಮೂರು ಮಾರ್ಗಗಳಿಗೆ ದಿನಾಂಕ ಬರೆದು ಪ್ರತಿ ನಿಲ್ದಾಣದಲ್ಲಿ ಅಂಟಿಸಿ. ಅಲ್ಲಿಯವರೆಗೆ ಇರುವ ಹಳಿಯಲ್ಲೇ ಬೆಳಗ್ಗೆ ಸಂಜೆ ಮೆಮು ಹೆಚ್ಚಿಸಿ, ಬೋಗಿ ಹೆಚ್ಚಿಸಿ. ಹೀಲಲಿಗೆ, ಕಾರ್ಮೆಲರಾಂ, ಬೆಳ್ಳಂದೂರು ರೋಡ್ ಸ್ಟೇಷನ್‌ಗಳ ಬಾಗಿಲಿಗೇ ಬಿಎಂಟಿಸಿ ಬಸ್ ಬರಲಿ. ರಾತ್ರಿ ಇಳಿಯುವ ಹೆಂಗಸರಿಗೆ ದೀಪ, ಶೌಚಾಲಯ ಇರಲಿ. ಮೆಟ್ರೋ ಇಳಿದವರು ರಸ್ತೆ ದಾಟದೆ ರೈಲಿನ ಪ್ಲಾಟ್‌ಫಾರ್ಮ್ ಸೇರುವಂತಾಗಲಿ.

ನೀವು ಮಾಡಬೇಕಾದದ್ದು ದೊಡ್ಡದೇನಲ್ಲ. ಮುಖ್ಯಮಂತ್ರಿಗೊಂದು, ರೈಲ್ವೆ ಸಚಿವರಿಗೊಂದು ಅಂಚೆ ಕಾರ್ಡು ಬರೆಯಿರಿ: ‘ನಮ್ಮ ಸ್ಟೇಷನ್ನಿಗೆ ಲೋಕಲ್ ರೈಲು ಯಾವತ್ತು?’ ಹತ್ತು ರೂಪಾಯಿ ಕಟ್ಟಿ ಕೆ-ರೈಡ್‌ಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕೆಂಬುದು ಕಾನೂನು. ಮತ ಕೇಳಲು ಬಂದವರಿಗೆ, ಯಾವ ಪಕ್ಷದವರಾದರೂ ಸರಿ, ಮೊದಲು ಇದೇ ಪ್ರಶ್ನೆ ಕೇಳಿ.

ಈ ಭಾನುವಾರ ಬೆಳಗ್ಗೆ ಹತ್ತಕ್ಕೆ ನಿಮ್ಮ ಹತ್ತಿರದ ರೈಲು ನಿಲ್ದಾಣದ ಮುಂದೆ ಸೇರೋಣ. ಪಾಸ್ ಇದ್ದವರು ಪಾಸ್ ಹಿಡಿದು ಬನ್ನಿ, ಇಲ್ಲದವರು ಮನೆಯವರೊಂದಿಗೆ ಬನ್ನಿ. ಈ ಕಾಗದವನ್ನು ಎಸೆಯಬೇಡಿ, ಪಕ್ಕದ ಸೀಟಿನವರಿಗೆ ಕೊಡಿ.

— ನಿಮ್ಮೊಡನೆ ದಿನವೂ ಪ್ರಯಾಣಿಸುವ ಪಾಸ್‌ದಾರರು