ಲೋಡು ಕಟ್ಟುವುದನ್ನೂ ಕಲಿಸಿ



ಐವತ್ತರ ಹತ್ತಿರ ಬಂದ ಮೇಲೆ ಅಂಗಡಿ ಮುಚ್ಚಿ, ತೋರಣಗಲ್ಲಿನಿಂದ ಉಕ್ಕಿನ ಕಾಯಿಲ್ (ಹಾಳೆಯ ಸುರುಳಿ) ಸಾಗಿಸುವ ಟ್ರೇಲರ್ ಹತ್ತಿದವನು ನಾನು. ಹೆವಿ ಲೈಸೆನ್ಸಿಗೆ ಕಾನೂನಿನಲ್ಲಿ ಗರಿಷ್ಠ ವಯೋಮಿತಿಯಿಲ್ಲ. ವೈದ್ಯಕೀಯ ಪ್ರಮಾಣಪತ್ರ ಬೇಕು. 8ನೇ ತರಗತಿ ಪಾಸಾಗಿರಬೇಕೆಂಬ ಷರತ್ತನ್ನೂ 2019ರಲ್ಲಿ ಕೈಬಿಟ್ಟರು. ನನ್ನಂಥವರಿಗೆ ಇದು ದೊಡ್ಡ ಉಪಕಾರ. ಆದರೆ ಪರೀಕ್ಷೆಯಲ್ಲಿ ಗಾಡಿ ಓಡಿಸಿದರೆ ಸಾಕು, ಲೋಡು ಕಟ್ಟಿ ತೋರಿಸಬೇಕಿಲ್ಲ. 20 ಟನ್ ದಾಟುವ ಕಾಯಿಲ್ ಹೊರುವ ಟ್ರೇಲರಿಗೆ ಸುತ್ತ ಗೋಡೆಯಿಲ್ಲ. ಕೆಳಗೆ ಮರದ ಅಡೆ, ಮೇಲೆ ಸರಪಳಿ. ಜೋರಾಗಿ ಬ್ರೇಕ್ ಹಾಕಿದರೆ ಕಾಯಿಲ್ ನುಗ್ಗುವುದು ಕ್ಯಾಬಿನ್ನಿನ ಕಡೆಗೇ. ಸ್ವಲ್ಪ ದೂರ ಹೋದ ಮೇಲೆ ನಿಲ್ಲಿಸಿ, ಸಡಿಲಾದ ಸರಪಳಿ ಮತ್ತೆ ಬಿಗಿಯಬೇಕೆಂದು ನನಗೆ ಹೇಳಿಕೊಟ್ಟದ್ದು ಹಿರಿಯ ಚಾಲಕರೊಬ್ಬರು. ಎಲ್ಲರಿಗೂ ಅಂಥವರು ಸಿಗುವುದಿಲ್ಲ. ಸಾರಿಗೆ ಇಲಾಖೆ ಲೋಡು ಕಟ್ಟುವುದನ್ನು ಲೈಸೆನ್ಸಿನ ತರಬೇತಿಗೆ ಸೇರಿಸಲಿ.

– ಟ್ರೇಲರ್ ಚಾಲಕ, ಸಂಡೂರು