ಹೋದ ವರ್ಷದ ಪಂಚಾಂಗ

ಹೋದ ವರ್ಷದ ಪಂಚಾಂಗ ನೋಡಿ ಈ ವರ್ಷದ ಮದುವೆಗೆ ಮುಹೂರ್ತವಿಡುವ ಪುರೋಹಿತರನ್ನು ನಾವು ಎರಡನೆಯ ಸಲ ಮನೆಗೆ ಕರೆಯುವುದಿಲ್ಲ. ಆದರೆ ಕಂಪ್ಯೂಟರಿನ ಮಾತು ಬಂದೊಡನೆ ಈ ವಿವೇಕ ಎಲ್ಲಿ ಅಡಗುತ್ತದೆಯೋ ಕಾಣೆ. ಯಾವ ಆಪರೇಟಿಂಗ್ ಸಿಸ್ಟಮ್ ಯಾವ ಪ್ರಿಂಟರನ್ನು ನಡೆಸಬಲ್ಲದು, ಯಾವ ವೈಫೈ ಚಿಪ್ಪಿಗೆ ಡ್ರೈವರ್ ಉಂಟು, ಯಾವುದಕ್ಕೆ ಇಲ್ಲ ಎಂದು ತಿಳಿಸಬೇಕಾದ ಕೈಪಿಡಿ ಐದು ವರ್ಷ ಹಳೆಯದಾಗಿದ್ದರೂ ಬರೆದವರಿಗೆ ನಾಚಿಕೆಯಿಲ್ಲ, ಓದುವವರಿಗೆ ಸಿಟ್ಟಿಲ್ಲ. ಇದನ್ನು ಸಣ್ಣ ಉದಾಸೀನವೆಂದು ಕ್ಷಮಿಸಿಬಿಡುವ ಅಭ್ಯಾಸವನ್ನೇ ನಾನು ಇಲ್ಲಿ ಖಂಡಿಸಹೊರಟಿರುವುದು.

ಇದು ಪಂಡಿತರ ಜಗಳವೆಂದು ಪುಟ ಮಗುಚಬೇಡಿ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆಯೂ ಬೇಕು, ಈಚಿನ ಪೀಳಿಗೆಯ ಪ್ರೊಸೆಸರೂ ಬೇಕು. ಗಟ್ಟಿಮುಟ್ಟಾಗಿ ನಡೆಯುತ್ತಿರುವ ಎಷ್ಟೋ ಯಂತ್ರಗಳು ಈ ಪರೀಕ್ಷೆಯಲ್ಲಿ ನಪಾಸು. ಅವುಗಳ ಯಜಮಾನರಲ್ಲಿ ಕೆಲವರು ಲಿನಕ್ಸ್ ಹಾಕಿ ನೋಡೋಣವೆಂದು ಹೊರಡುತ್ತಾರೆ. ಹೊರಟವರು ಮೊದಲು ಹುಡುಕುವುದು ತಮ್ಮ ಯಂತ್ರ ನಡೆದೀತೇ ಎಂದು ಹೇಳುವ ಪಟ್ಟಿಯನ್ನು. ಪಟ್ಟಿ ಸುಳ್ಳು ಹೇಳಿತೋ, ನಡೆಯಬಹುದಾಗಿದ್ದ ಯಂತ್ರ ಗುಜರಿಗೆ ಹೋಗುತ್ತದೆ; ಇಲ್ಲವೆ ನಡೆಯದ ಯಂತ್ರಕ್ಕೆ ಹಣ ಸುರಿದಾಗುತ್ತದೆ. ಎರಡೂ ಗೃಹಸ್ಥನ ಜೇಬಿನಿಂದಲೇ.

ಈ ದೂರನ್ನು ಎತ್ತಿದರೆ ಬಲ್ಲವರು ಒಂದು ಸಿದ್ಧ ಉತ್ತರ ಕೊಡುತ್ತಾರೆ: “ಕೈಪಿಡಿ ಏಕೆ? ಸೋರ್ಸ್ ಕೋಡ್ ಬಯಲಲ್ಲೇ ಇದೆಯಲ್ಲ, ಓದಿಕೊಳ್ಳಿ.” ರೈಲು ಎಷ್ಟು ಹೊತ್ತಿಗೆ ಹೊರಡುತ್ತದೆಂದು ಕೇಳಿದವನ ಕೈಗೆ ಎಂಜಿನ್ನಿನ ನಕ್ಷೆ ಕೊಟ್ಟಂತಾಯಿತು ಇದು. ನಕ್ಷೆ ಓದಬಲ್ಲವನಿಗೂ ಅದರಲ್ಲಿ ವೇಳೆ ಸಿಕ್ಕುವುದಿಲ್ಲ. ಡ್ರೈವರ್ ಏನು ಮಾಡುತ್ತದೆಂದು ಕೋಡ್ ಹೇಳೀತು. ಏನು ಮಾಡಬೇಕೆಂದು ಬರೆದವರ ಉದ್ದೇಶವಿತ್ತು, ಯಾವ ಯಂತ್ರದ ಮೇಲೆ ನಿಜವಾಗಿ ಓಡಿಸಿ ನೋಡಿದರು, ಎಲ್ಲಿ ಕುಂಟುತ್ತದೆ ಎಂಬುದನ್ನು ಮನುಷ್ಯರೇ ಬರೆದಿಡಬೇಕು.

ಹಿರಿಯರು ಬರೆದಿಟ್ಟರು. 1971ರ ನವೆಂಬರಿನಲ್ಲಿ ಕೆನ್ ಥಾಂಪ್ಸನ್, ಡೆನ್ನಿಸ್ ರಿಚಿ ಇಬ್ಬರೂ ಸೇರಿ ಹೊರತಂದ ಯೂನಿಕ್ಸ್ ಕೈಪಿಡಿಯ ಮೊದಲ ಆವೃತ್ತಿಯನ್ನು ನೋಡಿ. ಅದರ ನಾಲ್ಕನೆಯ ಭಾಗ ಪೂರ್ತಿ ಸಾಧನಗಳಿಗೇ ಮೀಸಲು: ಟೆಲಿಟೈಪ್, ಕಾಗದದ ಪಟ್ಟಿ, ಡಿಸ್ಕು, ಟೇಪು. ಪುಟಗಳಲ್ಲಿ ‘ಬಗ್ಸ್’ ಎಂಬ ತಲೆಬರಹದ ಕೆಳಗೆ ತಮ್ಮ ಸೃಷ್ಟಿಯ ದೋಷಗಳನ್ನು ತಾವೇ ಒಪ್ಪಿಕೊಂಡಿದ್ದಾರೆ. ಬರೆದವರೇ ಬಳಸುವವರೂ ಆಗಿದ್ದ ಕಾಲ ಅದು ಎನ್ನಬಹುದು. ಆಗಲಿ, ಬಳಸುವವರು ಕೋಟಿಗಟ್ಟಲೆಯಾದ ಮೇಲೆ ಹೊಣೆ ಹೆಚ್ಚಬೇಕೇ, ತಗ್ಗಬೇಕೇ?

ಇಲ್ಲಿ ಇನ್ನೊಂದು ತೊಡಕುಂಟು. ಯಾರೂ ಒಂದಕ್ಷರ ಮುಟ್ಟದಿದ್ದರೂ ಕೈಪಿಡಿ ಸುಳ್ಳಾಗಬಲ್ಲದು. ಲಿಂಕ್‌ಸಿಸ್ ಕಂಪನಿಯ ಡಬ್ಲ್ಯೂಆರ್‌ಟಿ54ಜಿ ಎಂಬ ನೀಲಿ-ಕಪ್ಪು ರೌಟರ್ ಒಂದು ಕಾಲಕ್ಕೆ ಲಿನಕ್ಸ್ ಪ್ರಿಯರ ಕಣ್ಮಣಿಯಾಗಿತ್ತು. ಅದು ಲಿನಕ್ಸಿನ ಮೇಲೆಯೇ ನಡೆಯುತ್ತಿತ್ತು. 2005ರಲ್ಲಿ ಬಂದ ಐದನೆಯ ಆವೃತ್ತಿಯಲ್ಲಿ ಕಂಪನಿ ಒಳಗಿನ ಲಿನಕ್ಸನ್ನು ತೆಗೆದು ವಿಎಕ್ಸ್‌ವರ್ಕ್ಸ್ ಇಟ್ಟಿತು. ಫ್ಲಾಶ್ ಮೆಮೊರಿಯನ್ನು 4 ಮೆಗಾಬೈಟಿನಿಂದ 2ಕ್ಕೆ, ರ‍್ಯಾಮನ್ನು 16ರಿಂದ 8ಕ್ಕೆ ಇಳಿಸಿತು. ಹೆಸರು ಮಾತ್ರ ಅದೇ! “ಈ ರೌಟರ್ ಆಗುತ್ತದೆ” ಎಂದು ಸತ್ಯವಾಗಿಯೇ ಬರೆದಿದ್ದ ಪುಟ ಅಂದಿನಿಂದ ಅರ್ಧ ಸುಳ್ಳಾಯಿತು. ಹಳೆಯ ಗುಣ ಬೇಕೆನ್ನುವವರಿಗೆ ಜಿಎಲ್ ಎಂಬ ಬೇರೆ ಮಾದರಿ ಬಂತು. ಆದರೆ ಅದು ಬಂದಿದೆಯೆಂದು ತಿಳಿದವನು ತಾನೇ ಕೇಳಿ ಕೊಳ್ಳುವುದು? ಮಾದರಿಯ ಹೆಸರಷ್ಟನ್ನೇ ಬರೆದು ಆವೃತ್ತಿಯನ್ನೂ ತಾರೀಖನ್ನೂ ಬಿಡುವ ಪಟ್ಟಿಗಳಿಗೆ ಆದ ಗತಿಯೇ ಇದು.

ಪರಿಹಾರ ಅಸಾಧ್ಯವೇನೂ ಅಲ್ಲ. ಡ್ರೈವರನ್ನು ತಿದ್ದಿದ ಕೈಯೇ, ತಿದ್ದಿದ ಹೊತ್ತಿನಲ್ಲೇ, ಪುಟವನ್ನೂ ತಿದ್ದಬೇಕು; ತಿದ್ದದಿದ್ದರೆ ಆ ಡ್ರೈವರನ್ನು ಒಳಗೆ ಸೇರಿಸಕೂಡದು. ನಾನು ಕೇಳುವುದು ಇಷ್ಟೆ. ಫ್ರೀಬಿಎಸ್‌ಡಿಯವರು ಪ್ರತಿ ಬಿಡುಗಡೆಯೊಡನೆ ಕೊಡುವ ಯಂತ್ರಾಂಶ ಪಟ್ಟಿಯ ಬಹುಭಾಗ ಆಯಾ ಡ್ರೈವರಿನ ಕೈಪಿಡಿ ಪುಟದಿಂದಲೇ ತಯಾರಾಗುತ್ತದೆ. ಎರಡು ಕಡೆ ಬರೆದು ಒಂದು ಕಡೆ ಮರೆಯುವ ಪ್ರಮೇಯ ಅಷ್ಟರಮಟ್ಟಿಗೆ ತಪ್ಪಿತು. ಲಿನಕ್ಸ್ ಕರ್ನಲಿನಲ್ಲೂ ಡಿವೈಸ್ ಟ್ರೀ ಎಂಬ ಮೂಲೆಯಲ್ಲಿ ಒಳ್ಳೆಯ ನಿಯಮವೊಂದಿದೆ: ಚಿಪ್ಪಿನ ವಿವರಣೆ ಮೊದಲು, ಡ್ರೈವರ್ ಅನಂತರ; ವಿವರಣೆಯೊಳಗಿನ ಉದಾಹರಣೆ ಸರಿಯೇ ಎಂದು ಯಂತ್ರದಿಂದಲೇ ಪರೀಕ್ಷಿಸಬಹುದು. ಅದು ಕೊಳ್ಳುವವನಿಗಾಗಿ ಬರೆದ ಪುಟವಲ್ಲ, ನಿಜ. ಆದರೆ ಎಂಜಿನಿಯರಿಗೆ ಸಲ್ಲುವ ಶಿಸ್ತು ಗೃಹಸ್ಥನಿಗೆ ಏಕೆ ಸಲ್ಲಬಾರದು? ಅದೇ ಕರ್ನಲಿನ ದಾಖಲೆಗಳಲ್ಲಿ ‘ರಿಮೂವ್ಡ್’ ಎಂಬ ಒಂದು ವಿಭಾಗವೂ ಉಂಟು. ಯಾವ ಸೌಕರ್ಯವನ್ನು ತೆಗೆದುಹಾಕಿದೆ ಎಂದು ಅದರಲ್ಲಿ ಬರೆದಿಡುತ್ತಾರೆ. ಸತ್ತ ಸುದ್ದಿಯನ್ನೂ ಸರಿಯಾಗಿ ಮುಟ್ಟಿಸುವ ಈ ಸಭ್ಯತೆ ನನಗೆ ಬಹಳ ಹಿಡಿಸಿತು. 386 ಪ್ರೊಸೆಸರಿಗಾಗಿ 1991ರಲ್ಲಿ ಹುಟ್ಟಿದ ಲಿನಕ್ಸು 2013ರಲ್ಲಿ ಅದೇ 386ನ್ನು ಕೈಬಿಟ್ಟಿತು. ಬಿಡಲಿ, ತಪ್ಪಿಲ್ಲ, ಬಿಟ್ಟೆನೆಂದು ಹೇಳಿ ಬಿಡಬೇಕು.

ಪುಕ್ಕಟೆ ದುಡಿಯುವವರನ್ನು ಹೀಗೆ ಜರೆಯಬಹುದೇ ಎಂದು ಕೆಲವರು ನೊಂದುಕೊಂಡಾರು. ರಾತ್ರಿ ನಿದ್ದೆಗೆಟ್ಟು ಡ್ರೈವರ್ ಬರೆಯುವ ಸ್ವಯಂಸೇವಕನಿಗೆ ನನ್ನ ನಮಸ್ಕಾರವಿದೆ. ಅವನು ಇನ್ನೊಂದು ಹತ್ತು ನಿಮಿಷ ಕೂತು ನಾಲ್ಕು ಸಾಲು ಬರೆಯಲಿ ಎಂಬುದಷ್ಟೇ ಬೇಡಿಕೆ. ಸಂಬಳ ಕೊಟ್ಟು ಎಂಜಿನಿಯರುಗಳನ್ನು ಇಟ್ಟುಕೊಂಡಿರುವ ಯಂತ್ರ ತಯಾರಕರಿಗೆ ಆ ನೆಪವೂ ಇಲ್ಲ. ಒಳಗಿನ ಚಿಪ್ಪು ಬದಲಾದದ್ದು ಎಲ್ಲರಿಗಿಂತ ಮೊದಲು ಗೊತ್ತಾಗುವುದು ಅವರಿಗೆ. ಯಂತ್ರದ ಅಡಿಯ ಚೀಟಿಯಲ್ಲಿ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಬಚ್ಚಿಡುವ ಆವೃತ್ತಿಯ ಅಂಕಿಯನ್ನು ಪೆಟ್ಟಿಗೆಯ ಮೇಲೆ, ಮಾದರಿಯ ಹೆಸರಿನ ಪಕ್ಕದಲ್ಲೇ, ಅಷ್ಟೇ ದಪ್ಪವಾಗಿ ಅಚ್ಚು ಹಾಕಲು ಇವರಿಗೆ ಎಷ್ಟು ಮಸಿ ಖರ್ಚಾದೀತು?