ಮರುವಾಯಿ ಸುಕ್ಕಕ್ಕೆ ಯಾವ ಬಿಯರ್?

ಕಳೆದ ಜನವರಿಯಲ್ಲಿ ಊರಿಂದ ಬೆಂಗಳೂರಿಗೆ ಹೊರಟಾಗ ಅಮ್ಮ ಸ್ಟೀಲ್ ಡಬ್ಬಿ ತುಂಬ ಮರುವಾಯಿ ಸುಕ್ಕ ಕಟ್ಟಿಕೊಟ್ಟಿದ್ದರು. ನಮ್ಮ ಉಡುಪಿ ಕಡೆ ಹೊಳೆಯ ಮರಳಿನಲ್ಲಿ ಸಿಗುವ ಚಿಪ್ಪಿಗೆ ಮರುವಾಯಿ ಎನ್ನುತ್ತೇವೆ. ನೀರು ಇಳಿದ ಹೊತ್ತು ನೋಡಿ ಹೆಕ್ಕಬೇಕು, ಮರಳು ಬಿಡಲೆಂದು ನೆನೆಸಿಡಬೇಕು, ಮೆಟ್ಟುಕತ್ತಿಯಲ್ಲಿ ಒಂದೊಂದನ್ನೇ ಸೀಳಬೇಕು. ಇಷ್ಟೆಲ್ಲ ಮಾಡಿದರೆ ಸಿಗುವುದು ಉಗುರಿನಷ್ಟು ಮಾಂಸ.

ರೂಮಿನಲ್ಲಿ ನಾವು ನಾಲ್ವರು. ನನ್ನ ಮೊದಲ ಸಂಬಳ ಬಂದ ಖುಷಿಗೆ ಸ್ಟ್ರಾಂಗ್ ಬಿಯರ್ ತಂದೆವು. ಸ್ಟ್ರಾಂಗೇ ಯಾಕೆ? ಅದೇ ದುಡ್ಡಿಗೆ ಜಾಸ್ತಿ ಕಿಕ್ ಸಿಗುತ್ತದಲ್ಲ! ಎರಡನೇ ಬಾಟಲಿ ಮುಗಿಯುವಷ್ಟರಲ್ಲಿ ಡಬ್ಬಿಯೂ ಖಾಲಿ. ಮರುದಿನ ಅಮ್ಮ ಫೋನ್ ಮಾಡಿ, 'ಹೇಗಿತ್ತು ಮಗಾ? ಎಲ್ಲರಿಗೂ ಸಿಕ್ಕಿತಾ?' ಎಂದು ಕೇಳಿದರು. 'ಸೂಪರ್' ಎಂದೆ. ನಿಜ ಹೇಳಬೇಕೆಂದರೆ ರುಚಿ ನೆನಪೇ ಇರಲಿಲ್ಲ. ಆ ಸುಳ್ಳು ಬಹಳ ದಿನ ಚುಚ್ಚುತ್ತಿತ್ತು.

ನಮ್ಮಲ್ಲಿ ಹೆಚ್ಚಿನವರು ಬಿಯರ್ ಆರಿಸುವುದು ಕಿಕ್ ನೋಡಿಯೇ ಹೊರತು ತಟ್ಟೆಯಲ್ಲಿ ಏನಿದೆ ಎಂದು ನೋಡಿ ಅಲ್ಲ. ಚಿಪ್ಪಿನ ಮಾಂಸದ್ದು ನವಿರು ರುಚಿ: ಚೂರು ಸಿಹಿ, ಚೂರು ಉಪ್ಪು. ಸ್ಟ್ರಾಂಗ್ ಬಿಯರಿನಲ್ಲಿ ಶೇ 8ರವರೆಗೂ ಆಲ್ಕೋಹಾಲ್ ಇರುತ್ತದೆ. ಅದು ಮೆಣಸಿನ ಉರಿಯನ್ನು ಏರಿಸುತ್ತದೆ, ಮಾಂಸದ ರುಚಿ ಅದರಡಿ ಹೂತುಹೋಗುತ್ತದೆ. ಹಾಪ್ಸ್ ಜಾಸ್ತಿ ಹಾಕಿದ ಐಪಿಎಯ ಕಹಿಯೂ ಖಾರದ ಜತೆ ಜಗಳಕ್ಕೇ ನಿಲ್ಲುತ್ತದೆ. ಶೇ 5ರ ಆಸುಪಾಸಿನ ಲಾಗರ್ ವಾಸಿ.

ನನ್ನ ಓಟು ಮಾತ್ರ ವೀಟ್ ಬಿಯರಿಗೆ. ಬೆಲ್ಜಿಯಂನವರು ಗೋಧಿಯ ವಿಟ್‌ಬಿಯರಿಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ನಮ್ಮ ಸುಕ್ಕದ ಮಸಾಲೆಯಲ್ಲೂ ಕೊತ್ತಂಬರಿ ಇದೆ, ಹುಳಿ ಇದೆ. ಎರಡೂ ಸಲೀಸಾಗಿ ಹೊಂದಿಕೊಳ್ಳುತ್ತವೆ. ಐರ್ಲೆಂಡಿನಲ್ಲಿ ಹಸಿ ಸಿಂಪಿಯ ಜತೆ ಕಪ್ಪು ಸ್ಟೌಟ್ ಕುಡಿಯುತ್ತಾರೆ, ನಿಜ. ಆದರೆ ಅಲ್ಲಿನ ಸಿಂಪಿಗೆ ಬ್ಯಾಡಗಿ ಮೆಣಸೂ ಇಲ್ಲ, ತೆಂಗಿನ ತುರಿಯೂ ಇಲ್ಲ.

'ಕೆಲಸ ಹುಡುಕುವವರಿಗೆ ಇದೆಲ್ಲ ಶೋಕಿ' ಎನ್ನಬಹುದು. ನಾನೂ ಎಂಟು ತಿಂಗಳು ಕೆಲಸವಿಲ್ಲದೆ ಅಲೆದವನೇ. ಎರಡು ಸ್ಟ್ರಾಂಗ್ ಬಾಟಲಿಯ ದುಡ್ಡಿಗೆ ಒಂದು ಒಳ್ಳೆಯ ಬಿಯರ್ ತಂದು ಇಬ್ಬರು ಹಂಚಿಕೊಂಡರೆ ಜೇಬಿಗೂ ಭಾರವಿಲ್ಲ, ಬೆಳಿಗ್ಗೆ ತಲೆಗೂ ಭಾರವಿಲ್ಲ. 21 ತುಂಬದವರಿಗೆ, ಕುಡಿಯದವರಿಗೆ ಪುನರ್ಪುಳಿ ಶರಬತ್ತು ಇದ್ದೇ ಇದೆ. ಸುಕ್ಕಕ್ಕೆ ಅದೂ ಒಳ್ಳೆಯ ಜೋಡಿಯೇ. ಯಾವುದೇ ಇರಲಿ, ಮೊದಲ ನಾಲ್ಕು ಚಿಪ್ಪನ್ನು ಲೋಟ ಮುಟ್ಟದೆ ತಿಂದು ನೋಡಿ.

ಮೊನ್ನೆ ಮತ್ತೆ ಡಬ್ಬಿ ಬಂತು. ಒಂದು ವೀಟ್ ಬಿಯರನ್ನು ಇಬ್ಬರು ಹಂಚಿಕೊಂಡೆವು. ಅಮ್ಮನ ಫೋನ್ ಬಂದಾಗ, 'ಚೆನ್ನಾಗಿತ್ತಮ್ಮ. ಉಪ್ಪು ಮಾತ್ರ ಒಂದು ಚೂರು ಹೆಚ್ಚಾಗಿತ್ತು' ಎಂದೆ.

'ಹೌದು ಮಗಾ, ನನಗೂ ಹಾಗೇ ಅನಿಸಿತ್ತು' ಎಂದು ಅಮ್ಮ ನಕ್ಕರು.